ಹೆದ್ದಾರಿಯಿಂದ ಕಲ್ಲುದಾರಿಗೆ: ರೇಡಿಯಲ್ ಟೈರಾ, ಬಯಾಸ್ ಟೈರಾ?

ಮೊದಲು ಉದ್ದದ ಹೆದ್ದಾರಿ, ಆಮೇಲೆ ಬೆಟ್ಟದ ತಿರುವುಗಳು, ಕೊನೆಗೆ ಚೂಪು ಕಲ್ಲಿನ ಮಣ್ಣುದಾರಿ. ಇಂಥ ಪ್ರಯಾಣಕ್ಕೆ ಹೊರಡುವವರು ಆಯಿಲ್, ಬ್ರೇಕ್ ಎಲ್ಲ ನೋಡಿಸುತ್ತಾರೆ. ಟೈರ್ ಯಾವ ಜಾತಿಯದು ಅಂತ ಕೇಳುವವರು ಕಡಿಮೆ. ನಾವು ಹೋಗಿದ್ದು ಎರಡು ಗಾಡಿಗಳಲ್ಲಿ. ನಮ್ಮ ಕಾರಿಗೆ ರೇಡಿಯಲ್ ಟೈರ್, ಗೆಳೆಯನ ಹಳೇ ಜೀಪಿಗೆ ಬಯಾಸ್ ಟೈರ್, ಅಂದರೆ ರೂಢಿಯಲ್ಲಿ ನೈಲಾನ್ ಟೈರ್ ಅನ್ನುತ್ತಾರಲ್ಲ, ಅದು.

ವ್ಯತ್ಯಾಸವೆಲ್ಲ ರಬ್ಬರಿನೊಳಗಿನ ದಾರಗಳದ್ದು. ಬಯಾಸ್ ಟೈರಿನಲ್ಲಿ ದಾರದ ಪದರಗಳು ಓರೆಯಾಗಿ, ಸುಮಾರು 30ರಿಂದ 40 ಡಿಗ್ರಿಯಲ್ಲಿ, ಒಂದನ್ನೊಂದು ಹಾಯುತ್ತವೆ. ರೇಡಿಯಲ್‌ನಲ್ಲಿ ದಾರಗಳು ಟೈರಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹೋಗುತ್ತವೆ. ನೆಲ ಮುಟ್ಟುವ ಭಾಗದ ಕೆಳಗೆ ಸುತ್ತಲೂ ಉಕ್ಕಿನ ಪಟ್ಟಿ ಇರುತ್ತದೆ. ಮಿಶೆಲಿನ್ ಕಂಪನಿ 1946ರಲ್ಲಿ ಇದಕ್ಕೆ ಪೇಟೆಂಟ್ ಮಾಡಿಸಿತು. ಈಗಿನ ಕಾರುಗಳೆಲ್ಲ ಹೆಚ್ಚುಕಡಿಮೆ ಇದರ ಮೇಲೇ ಓಡುತ್ತವೆ.

ಹೆದ್ದಾರಿಯಲ್ಲಿ ಕಾಟ ಕೊಡುವುದು ಶಾಖ. ಬಯಾಸ್ ಟೈರಿನ ಪಕ್ಕದ ಗೋಡೆ ಬಾಗಿದರೆ ತಳವೂ ಜೊತೆಗೇ ಅಲುಗುತ್ತದೆ. ಪ್ರತಿ ಸುತ್ತಿಗೂ ಪದರಗಳ ನಡುವೆ ತಿಕ್ಕಾಟ, ಅದರಿಂದ ಬಿಸಿ. ನಿಂತಾಗಲೆಲ್ಲ ಕೈಯಿಟ್ಟು ನೋಡಿದೆವು, ಜೀಪಿನ ಟೈರೇ ಜಾಸ್ತಿ ಕಾದಿರುತ್ತಿತ್ತು. ಹಾಗಾಗಿ ನಿಮ್ಮದು ಬಯಾಸ್ ಆದರೆ ನಸುಕಿನಲ್ಲೇ ಹೊರಡಿ, ವೇಗ ಇಳಿಸಿ, ನಡುನಡುವೆ ನಿಲ್ಲಿಸಿ. ಕಾದಾಗ ಒತ್ತಡ ಏರುವುದು ಸಹಜ, ಅದನ್ನು ನೋಡಿ ಗಾಳಿ ಬಿಡಬೇಡಿ. ಗಾಳಿ ಕಡಿಮೆಯಾದಷ್ಟೂ ಟೈರ್ ಹೆಚ್ಚು ಬಾಗಿ ಇನ್ನಷ್ಟು ಕಾಯುತ್ತದೆ. ಗಾಳಿ ಅಳೆಯುವುದು ಬೆಳಿಗ್ಗೆ, ಗಾಡಿ ಓಡುವ ಮೊದಲು.

ರೇಡಿಯಲ್ ಟೈರಿನ ಕೆಳಭಾಗ ಗಾಳಿ ಸರಿಯಿದ್ದರೂ ಸ್ವಲ್ಪ ಉಬ್ಬಿದ ಹಾಗೆ ಕಾಣುತ್ತದೆ. "ಗಾಳಿ ಕಮ್ಮಿ ಇದೆ" ಅಂತ ದಾರಿಯುದ್ದಕ್ಕೂ ಹೇಳುವವರು ಸಿಗುತ್ತಾರೆ. ಸುಮ್ನೆ ಗೇಜ್ ಹಾಕಿ ನೋಡಿ.

ರಸ್ತೆಯಲ್ಲಿ ಚಕ್ರದ ಜಾಡು ಬಿದ್ದ ಕಡೆ ಜೀಪಿನ ಸ್ಟೇರಿಂಗ್ ಆಚೆ ಈಚೆ ಎಳೆಯುತ್ತಿತ್ತು. ಚಳಿಯಲ್ಲಿ ರಾತ್ರಿಯಿಡೀ ನಿಂತರೆ ಬೆಳಿಗ್ಗೆ ಸ್ವಲ್ಪ ದೂರ ದಡದಡ ಸದ್ದು ಬೇರೆ. ನೈಲಾನ್ ದಾರ ನಿಂತಲ್ಲೇ ಚಪ್ಪಟೆಯಾಗಿ ಗಟ್ಟಿಯಾಗಿರುತ್ತದೆ, ಬಿಸಿಯಾದರೆ ಸರಿಹೋಗುತ್ತದೆ. ಬೆಟ್ಟದ ತಿರುವುಗಳಲ್ಲಂತೂ ಹೋಲಿಕೆಯೇ ಇಲ್ಲ. ರೇಡಿಯಲ್‌ನ ಗೋಡೆ ಬಾಗಿದರೂ ಉಕ್ಕಿನ ಪಟ್ಟಿ ತಳವನ್ನು ರಸ್ತೆಗೆ ಅಂಟಿಸಿಟ್ಟಿರುತ್ತದೆ.

ಕಲ್ಲುದಾರಿ ಶುರುವಾದ ಮೇಲೆ ಆಟ ತಿರುಗುಮುರುಗು. ಬಯಾಸ್ ಟೈರಿನ ಎಲ್ಲ ಪದರಗಳೂ ಗೋಡೆಯಲ್ಲೂ ಇರುತ್ತವೆ. ಕಾರಿನ ರೇಡಿಯಲ್‌ಗೆ ಅಲ್ಲಿ ಸಾಮಾನ್ಯವಾಗಿ ಒಂದೋ ಎರಡೋ ಪದರ ಮಾತ್ರ, ಉಕ್ಕಿನ ಪಟ್ಟಿಯ ಕಾವಲು ಅಲ್ಲಿಲ್ಲ. ತಳದಲ್ಲಿ ಮೊಳೆ ಹೊಕ್ಕರೆ ಪಂಚರ್ ಹಾಕಿಸಬಹುದು. ಗೋಡೆ ಸೀಳಿದರೆ ಆ ಟೈರ್ ಮುಗಿಯಿತು. ಆದ್ದರಿಂದ ಚೂಪು ಕಲ್ಲನ್ನು ಸವರಿಕೊಂಡು ಹೋಗಬೇಡಿ. ತಪ್ಪಿಸಲು ಆಗದಿದ್ದರೆ ತಳವನ್ನೇ ಮೇಲೆ ಹತ್ತಿಸಿ ನಿಧಾನವಾಗಿ ದಾಟಿ. ಗೋಡೆಗೆ ಮೂರು ಪದರ ಇರುವ ರೇಡಿಯಲ್‌ಗಳೂ ಸಿಗುತ್ತವೆ, ಇಂಥ ದಾರಿಗೆ ಅವು ಒಳ್ಳೆಯ ಆಯ್ಕೆ.

ಸ್ಟೆಪ್ನಿ ವಿಷಯದಲ್ಲಿ ನಾನು ಹಟಮಾರಿ. ಅದು ಪೂರ್ತಿ ಅಳತೆಯದೇ ಇರಬೇಕು, ಉಳಿದ ಟೈರುಗಳ ಜಾತಿಯದೇ ಇರಬೇಕು. ಒಂದೇ ಆಕ್ಸಲ್‌ಗೆ, ಅಂದರೆ ಮುಂದಿನ ಅಥವಾ ಹಿಂದಿನ ಜೋಡಿ ಚಕ್ರಕ್ಕೆ, ಒಂದು ರೇಡಿಯಲ್, ಒಂದು ಬಯಾಸ್ ಹಾಕಲೇಬಾರದು. ಬೇರೆ ದಾರಿಯೇ ಇಲ್ಲದಿದ್ದರೆ ರೇಡಿಯಲ್ ಜೋಡಿ ಹಿಂದಕ್ಕೆ. ಮುಂದೆ ಹಾಕಿದರೆ ತಿರುವಿನಲ್ಲಿ ಗಾಡಿಯ ಹಿಂಭಾಗ ಮೊದಲು ಜಾರುತ್ತದೆ. ಗುರುತಿಸುವುದು ಸುಲಭ. ಟೈರಿನ ಗೋಡೆಯ ಮೇಲೆ ಬರೆದ ಅಳತೆ 205/65 ಆರ್ 15 ಅಂತಿದ್ದರೆ ಆ 'ಆರ್' ಅಂದರೆ ರೇಡಿಯಲ್. ಅದೇ ಜಾಗದಲ್ಲಿ 'ಡಿ' ಅಥವಾ ಅಡ್ಡಗೆರೆ ಇದ್ದರೆ ಬಯಾಸ್. 'ಬಿ' ಅಂದರೆ ಬಯಾಸ್ ಮೇಲೆ ಪಟ್ಟಿ ಕೂರಿಸಿದ್ದು, ಈಗ ಕೆಲವು ಬೈಕುಗಳಲ್ಲಿ ಕಾಣಸಿಗುತ್ತದೆ.

ದಾರಿಯ ಬಹುಪಾಲು ಡಾಂಬರು ಆದರೆ ಕಣ್ಣುಮುಚ್ಚಿ ರೇಡಿಯಲ್ ಹಾಕಿ. ಪೂರ್ತಿ ಕಲ್ಲುದಾರಿ, ನಿಧಾನದ ಓಟ, ಜಾಸ್ತಿ ಹೇರು ಅಂದರೆ ಬಯಾಸ್ ಇವತ್ತಿಗೂ ದಂಡವಲ್ಲ. ವಾಪಸು ಬರುವಾಗ ಹೆದ್ದಾರಿ ಹತ್ತುವ ಮುಂಚೆ ಬಗ್ಗಿ ಟೈರಿನ ಒಳಗೋಡೆಯನ್ನೂ ನೋಡಿ. ಎಲ್ಲಾದರೂ ಬುಗುಟು ಎದ್ದಿದ್ದರೆ ಒಳಗೆ ದಾರ ತುಂಡಾಗಿದೆ ಅಂತಲೇ ಲೆಕ್ಕ. ಅಲ್ಲೇ ಸ್ಟೆಪ್ನಿ ಹಾಕಿ.