ಬಾಗಿದ ಅಲಗಿನ ಕಿಸೆಚಾಕು

ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿಯನ್ನು ಮೊದಲ ಕೆಲವು ವರ್ಷ ದಾರದಿಂದ ಮರಕ್ಕೆ ಕಟ್ಟಿ ಸಾಕಬೇಕಾಗುತ್ತದೆ. ಬಳ್ಳಿ ಬಲಿತು, ಗಂಟುಗಳಲ್ಲಿ ಬೇರುಬಿಟ್ಟು, ತಾನೇ ಮರವನ್ನು ಹಿಡಿದುಕೊಂಡ ಮೇಲೆ ಆ ಕಟ್ಟನ್ನು ಬಿಡಿಸದೆ ಹೋದರೆ, ದಪ್ಪವಾಗುತ್ತಿರುವ ಕಾಂಡಕ್ಕೆ ಪ್ಲಾಸ್ಟಿಕ್ ದಾರ ಕಚ್ಚಿಕೊಂಡು ಬಳ್ಳಿಯನ್ನೇ ಹಿಸುಕುತ್ತದೆ. ನೇರ ಅಲಗಿನ ಚಾಕುವಿನಿಂದ ಈ ದಾರವನ್ನು ಕೊಯ್ಯುವಾಗ ಅಲಗನ್ನು ಬಳ್ಳಿಯ ಕಡೆಗೇ ಒತ್ತಬೇಕಾಗುತ್ತದೆ. ದಾರ ತುಂಡಾದ ಮರುಕ್ಷಣ ಅದೇ ಒತ್ತಡ ಬಳ್ಳಿಯ ಮೇಲೆ ಬೀಳುತ್ತದೆ. ಆಳೆತ್ತರ ಬೆಳೆದಿದ್ದ ಪಣಿಯೂರು ತಳಿಯ ಮೆಣಸಿನ ಬಳ್ಳಿಯೊಂದನ್ನು ನಾನು ಹೀಗೆ ನನ್ನ ಕೈಯಿಂದಲೇ ಕಡಿದುಹಾಕಿದ್ದೇನೆ. ಆ ಬಳ್ಳಿ ವಾರದೊಳಗೆ ಒಣಗಿದ್ದನ್ನು ನೋಡಿದ ನಂತರವೇ, ಒಳಮುಖವಾಗಿ ಬಾಗಿದ ಅಲಗಿರುವ ಮಡಚುವ ಚಾಕುವೊಂದನ್ನು ತರಿಸಿಕೊಂಡೆ. ಈಗ ಚಾಕುವಿನ ಬೆನ್ನನ್ನು ಬಳ್ಳಿಗೆ ತಾಗಿಸಿ, ಮೊನೆಯನ್ನು ದಾರದ ಅಡಿಗೆ ತೂರಿಸಿ, ನನ್ನ ಕಡೆಗೆ ಮೆಲ್ಲನೆ ಎಳೆಯುತ್ತೇನೆ. ಹರಿತವಾದ ಬಾಯಿ ದಾರದ ಕಡೆಗಿರುತ್ತದೆ, ಮೊಂಡಾದ ಬೆನ್ನು ಬಳ್ಳಿಯ ಕಡೆಗಿರುತ್ತದೆ. ಆಮೇಲೆ ಒಂದು ಬಳ್ಳಿಗೂ ಗಾಯವಾಗಿಲ್ಲ.

ಈ ಬಾಗಿನ ಗುಟ್ಟು ಸರಳವಾದದ್ದು. ನೇರ ಅಲಗಿನಿಂದ ಹಗ್ಗವನ್ನು ಎಳೆದು ಕೊಯ್ಯುವಾಗ ಹಗ್ಗ ಅಲಗಿನ ಮೇಲೆ ಜಾರುತ್ತ ಮೊನೆಯವರೆಗೆ ಹೋಗಿ, ಅಷ್ಟರಲ್ಲಿ ತುಂಡಾಗದಿದ್ದರೆ, ತಪ್ಪಿಸಿಕೊಂಡುಬಿಡುತ್ತದೆ. ಬಾಗಿದ ಅಲಗಿನಲ್ಲಿ ಬಾಯಿಯು ಮೊನೆಯ ಹತ್ತಿರ ಮತ್ತೆ ಕೈಯ ಕಡೆಗೆ ತಿರುಗಿಕೊಂಡಿರುವುದರಿಂದ, ಹಗ್ಗವೋ ಕಾಂಡವೋ ಆ ಕುಳಿಯಲ್ಲಿ ಸಿಕ್ಕಿಬೀಳುತ್ತದೆ, ಮತ್ತು ಎಳೆದಷ್ಟೂ ಅಲಗಿಗೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಳ್ಳುವ ಅಗತ್ಯ ಬಹುಮಟ್ಟಿಗೆ ಇರುವುದಿಲ್ಲ. ಏಣಿಯ ಮೇಲೆ ನಿಂತು ಒಂದು ಕೈಯಲ್ಲಿ ಮರವನ್ನು ತಬ್ಬಿಕೊಂಡಿರುವವರಿಗೆ ಇದು ಎಷ್ಟು ದೊಡ್ಡ ಅನುಕೂಲವೆಂಬುದು ತೋಟದ ಕೆಲಸ ಮಾಡಿದವರಿಗೆ ಗೊತ್ತು.

ನಮ್ಮ ಜನಕ್ಕೆ ಈ ತಿಳಿವಳಿಕೆ ಹೊಸದೇನಲ್ಲ. ಭತ್ತ ಕೊಯ್ಯುವ ಕುಡುಗೋಲು ಇದೇ ತತ್ತ್ವದ್ದು: ಬುಡಗಳನ್ನು ಹಿಡಿಯಾಗಿ ಒಳಕ್ಕೆ ಸೆಳೆದುಕೊಂಡು ಒಂದೇ ಎಳೆತಕ್ಕೆ ಕೊಯ್ಯುತ್ತದೆ. ನಮ್ಮ ಅಜ್ಜ ಸೊಂಟದ ಹಿಂದಿನ ಕೊಕ್ಕೆಗೆ ಸಿಕ್ಕಿಸಿಕೊಳ್ಳುತ್ತಿದ್ದ ಕತ್ತಿಯ ತುದಿಯೂ ಗಿಳಿಯ ಕೊಕ್ಕಿನಂತೆ ಬಾಗಿತ್ತು. ಮಡಚಿ ಕಿಸೆಯಲ್ಲಿ ಇಟ್ಟುಕೊಳ್ಳಬಹುದಾದ ಕುಡುಗೋಲು ಎಂದರೆ ಈ ಚಾಕುವನ್ನು ಸರಿಯಾಗಿ ವರ್ಣಿಸಿದಂತಾಗುತ್ತದೆ. ಯುರೋಪಿನಲ್ಲಿ ದ್ರಾಕ್ಷಿ ಬೆಳೆಯುವವರ ಕೈಯಲ್ಲಿ ಇಂಥ ಉಪಕರಣ ಎರಡು ಸಾವಿರ ವರ್ಷಗಳಿಂದ ಇದೆ. 1ನೆಯ ಶತಮಾನದ ರೋಮನ್ ಕೃಷಿ ಲೇಖಕ ಕೊಲುಮೆಲ್ಲ ದ್ರಾಕ್ಷಿಬಳ್ಳಿಯ ಕತ್ತಿಯನ್ನು ಭಾಗ ಭಾಗವಾಗಿ ವಿವರಿಸಿ, ಬಾಗಿದ ಭಾಗಕ್ಕೂ ಕೊಕ್ಕಿನಂಥ ತುದಿಗೂ ಬೇರೆ ಬೇರೆ ಹೆಸರುಗಳನ್ನು ದಾಖಲಿಸಿದ್ದಾನೆ. ಅದರ ಚಿಕ್ಕ ರೂಪವನ್ನು ಫ್ರೆಂಚರು ಸೆರ್ಪೆತ್ ಎನ್ನುತ್ತಾರೆ. 19ನೆಯ ಶತಮಾನದಲ್ಲಿ ಸವರುವ ಕತ್ತರಿ ಬಳಕೆಗೆ ಬಂದು ದ್ರಾಕ್ಷಿತೋಟಗಳಲ್ಲಿ ಅದರ ಜಾಗವನ್ನು ಬಹುಪಾಲು ಆಕ್ರಮಿಸಿತು. ಕತ್ತರಿ ವೇಗವಾಗಿ ಕೆಲಸ ಮಾಡುತ್ತದೆಂಬುದು ನಿಜ. ಆದರೆ ಅದು ಕಾಂಡದ ಒಂದು ಮಗ್ಗುಲನ್ನು ಜಜ್ಜುತ್ತದೆ, ಹರಿತವಾದ ಚಾಕು ಜಜ್ಜುವುದಿಲ್ಲ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಮೆಣಸಿನ ಹಬ್ಬುಬಳ್ಳಿಗಳನ್ನು ಎರಡು ಮೂರು ಗಂಟುಗಳ ತುಂಡುಗಳಾಗಿ ಕೊಯ್ದು ಪಾಲಿಥಿನ್ ಚೀಲಗಳಲ್ಲಿ ನೆಡುವಾಗ ನಾನು ಕತ್ತರಿಯನ್ನು ಮುಟ್ಟುವುದಿಲ್ಲ.

ನನ್ನಲ್ಲಿರುವುದು ಫ್ರಾನ್ಸಿನ ಸವೊಯಿ ಪ್ರಾಂತದಲ್ಲಿ 1890ರಲ್ಲಿ ಆರಂಭವಾದ ಒಪಿನೆಲ್ ಸಂಸ್ಥೆಯ ಸವರುವ ಚಾಕು. ಮರದ ಹಿಡಿ, ಒಂದೇ ಅಲಗು, ಅಲಗು ಕೈಮೇಲೆ ಮಡಚಿಕೊಳ್ಳದಂತೆ ತಡೆಯುವ ತಿರುಗುವ ಉಕ್ಕಿನ ಉಂಗುರ, ಅಷ್ಟೇ. ಆ ಉಂಗುರವನ್ನು ಅವರು 1955ರಲ್ಲಿ ಸೇರಿಸಿದರು, ಮತ್ತು ಎಳೆದು ಕೊಯ್ಯುವ ಚಾಕುವಿಗೆ ಅಂಥ ಬೀಗ ಅತ್ಯಗತ್ಯವೆಂದು ನಾನು ಭಾವಿಸುತ್ತೇನೆ. ಮಲೆನಾಡಿನ ಮಳೆಗಾಲದಲ್ಲಿ ಮಾತ್ರ ಅದರ ಮರದ ಹಿಡಿ ತೇವ ಕುಡಿದು ಉಬ್ಬುತ್ತದೆ, ಅಲಗು ಹೊರಕ್ಕೆ ಬರುವುದಿಲ್ಲ. ಹಿಡಿಯ ಹಿಂತುದಿಯನ್ನು ಕಲ್ಲಿಗೋ ಮರದ ದಿಮ್ಮಿಗೋ ಒಮ್ಮೆ ಕುಟ್ಟಿದರೆ ಅಲಗು ಸ್ವಲ್ಪ ಹೊರಚಾಚುತ್ತದೆ. ಸವೊಯಿಯ ಜನರೂ ಹೀಗೆಯೇ ಮಾಡುತ್ತಾರಂತೆ. ಅಲಗಿನ ಉಕ್ಕು ತುಕ್ಕು ಹಿಡಿಯದ ಜಾತಿಯದಾಗಿದ್ದರೆ ಒಳ್ಳೆಯದು. ಕಾರ್ಬನ್ ಉಕ್ಕು ಬೇಗ ಹರಿತವಾಗುತ್ತದೆ, ಆದರೆ ಅಡಿಕೆಯ ಚೊಗರಿಗೆ ಕಪ್ಪಾಗಿ, ಜುಲೈ ತಿಂಗಳ ಗಾಳಿಯಲ್ಲೇ ತುಕ್ಕು ಕಟ್ಟುತ್ತದೆ.

ದಿನ ಬೆಳಗಾದರೆ ಇದಕ್ಕೆ ಕೆಲಸವಿರುತ್ತದೆ. ಗೊಬ್ಬರದ ಚೀಲದ ಬಾಯಿಯ ಹೊಲಿಗೆಯನ್ನಷ್ಟೇ ಮೊನೆಯಿಂದ ಮೀಟಿ ಎಳೆದರೆ ಚೀಲ ಹರಿಯದೆ ಉಳಿದು ಮತ್ತೊಂದು ಕೆಲಸಕ್ಕೆ ಒದಗುತ್ತದೆ. ಬಾಳೆಯ ಒಣ ಎಲೆಗಳನ್ನು ಬುಡದಲ್ಲಿ ಸೆಳೆದು ಕೊಯ್ಯುವುದು, ಊಟಕ್ಕೆ ಎಲೆ ತರುವುದು, 16 ಮಿಲಿಮೀಟರಿನ ಹನಿ ನೀರಾವರಿ ಕೊಳವೆಯನ್ನು ಸೀಳದಂತೆ ತುಂಡರಿಸುವುದು, ಇವೆಲ್ಲ ಎರಡು ಸೆಕೆಂಡಿನ ಮಾತು. ಪಂಪಿನ ಕೇಬಲ್ಲಿನ ಹೊರಕವಚವನ್ನು ಬಿಡಿಸುವಾಗ ಬರೀ ಮೊನೆಯನ್ನು ಕವಚದ ದಪ್ಪದಷ್ಟೇ ಇಳಿಸಿ ಉದ್ದಕ್ಕೆ ಎಳೆದರೆ ಒಳಗಿನ ತಂತಿಗಳ ಹೊದಿಕೆಗೆ ಗೀರು ಬೀಳುವುದಿಲ್ಲ. ವಿದ್ಯುತ್ ಕೆಲಸದವರೂ ನೆಲಹಾಸು ಹಾಕುವವರೂ ಕೊಕ್ಕಿನ ಚಾಕುವನ್ನೇ ಇಷ್ಟಪಡುವುದು ಇದೇ ಕಾರಣಕ್ಕೆ. ಪಟ್ಟಣದಲ್ಲಿರುವ ನನ್ನ ತಂಗಿ, ಮನೆಗೆ ಬರುವ ರಟ್ಟಿನ ಪೆಟ್ಟಿಗೆಗಳನ್ನು ಒಳಗಿನ ವಸ್ತುವಿಗೆ ಗೀರಾಗದಂತೆ ತೆರೆಯಲು ಇಂಥದ್ದೇ ಒಂದನ್ನು ಇಟ್ಟುಕೊಂಡಿದ್ದಾಳೆ.

ಆಗದ ಕೆಲಸಗಳೂ ಇವೆ. ಮಣೆಯ ಮೇಲೆ ಇಟ್ಟು ತರಕಾರಿ ಹೆಚ್ಚಲು ಬರುವುದಿಲ್ಲ, ಏಕೆಂದರೆ ಮೊನೆಯೊಂದೇ ಮಣೆಗೆ ತಾಗುತ್ತದೆ. ಕಸಿ ಕಟ್ಟಲು ಸಮತಟ್ಟಾದ ಕೊಯ್ತ ಬೇಕು, ಅದು ನೇರ ಅಲಗಿನಿಂದಲೇ ಸಾಧ್ಯ. ಎಳೆಯುವ ದಾರಿಯಲ್ಲಿ ತೊಡೆಯಾಗಲಿ ಇನ್ನೊಂದು ಕೈಯಾಗಲಿ ಇರಕೂಡದು: ಕಾಂಡ ತುಂಡಾದಾಗ ಅಲಗು ಎಳೆತದ ಪೂರ್ತಿ ವೇಗದಲ್ಲಿ ನಮ್ಮತ್ತಲೇ ಬರುತ್ತದೆ, ಮತ್ತು ಕೊಕ್ಕು ತಾಗಿದ ಗಾಯ ಆಳವಾಗಿರುತ್ತದೆ. ಹುಲಿಯುಗುರಿನ ಆಕಾರದ, ಹಿಡಿಯಲ್ಲಿ ಬೆರಳುಂಗುರವಿರುವ ಕರಂಬಿಟ್‌ಗಳನ್ನು ಇತ್ತೀಚೆಗೆ ಹುಡುಗರು ಚೆಲುವಿಗೆಂದು ಕೊಳ್ಳುತ್ತಾರೆ. ಆಗ್ನೇಯ ಏಷ್ಯಾದ ಆ ಚಾಕುವಿನ ಇಂದಿನ ರೂಪ ಹೆಚ್ಚಾಗಿ ಕಾದಾಟಕ್ಕೆಂದು ಮಾಡಿದ್ದು. ತೋಟಕ್ಕೆ ಅದನ್ನು ನಾನು ಯಾರಿಗೂ ಹೇಳಲಾರೆ. 2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿಯ ವಿಚಾರದಲ್ಲಿ ಹೆಸರಿಸುವುದು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಗಳನ್ನು, ಅದರಲ್ಲೂ ಮನೆಬಳಕೆಯ ಮತ್ತು ಬೇಸಾಯದ ಉಪಕರಣಗಳನ್ನು ಹೊರತುಪಡಿಸಿ. ಹಾಗಿದ್ದರೂ ವಿಮಾನದ ಕೈಚೀಲದಲ್ಲಿ ಇಂಥ ಚಾಕುವಿಗೆ ಜಾಗವಿಲ್ಲ.

ಮಸೆಯುವುದೇ ಹೆಚ್ಚಿನವರಿಗೆ ತೊಡಕಾಗುವ ಸಂಗತಿ. ಚಪ್ಪಟೆ ಸಾಣೆಕಲ್ಲು ಒಳಬಾಗಿಗೆ ತಲುಪುವುದಿಲ್ಲ. ಬಲವಂತವಾಗಿ ಉಜ್ಜಿದರೆ ಬಾಗು ಸವೆದು ಕೊಕ್ಕು ಹೋಗುತ್ತದೆ. ಬೆರಳು ದಪ್ಪದ ದುಂಡನೆಯ ಕೋಲಿಗೆ ನಯವಾದ ನೀರು ಎಮರಿ ಕಾಗದವನ್ನು ಸುತ್ತಿ, ಬುಡದಿಂದ ಮೊನೆಯವರೆಗೆ ಒಂದೇ ಓರೆಯಲ್ಲಿ, ಅಲಗಿನ ಎರಡೂ ಮಗ್ಗುಲನ್ನು ಹತ್ತು ಹತ್ತು ಸಲ ಸವರಿದರೆ ಸಾಕಾಗುತ್ತದೆ. ಮೊನೆಯಿಂದ ಕಾಗದವನ್ನು ಜಾರಿಸಿ ಬಿಡಬಾರದು, ಅಲ್ಲಿಯೇ ನಿಲ್ಲಿಸಿ ಎತ್ತಬೇಕು, ಇಲ್ಲದಿದ್ದರೆ ಕೊಕ್ಕಿನ ತುದಿ ದುಂಡಗಾಗಿ ದಾರದ ಅಡಿಗೆ ತೂರುವುದೇ ಇಲ್ಲ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಅಂಚಿಗೆ ನಾಲ್ಕು ಸಲ ಹಿಂದಕ್ಕೆಳೆದು, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಮಡಚಿಡುತ್ತೇನೆ. ಹಲಸಿನಕಾಯಿ ಕೊಯ್ಯುವ ದಿನವಾದರೆ ಅಂಟು ಹಿಡಿಯದಿರಲೆಂದು ಆ ಎಣ್ಣೆಯನ್ನು ಸ್ವಲ್ಪ ಧಾರಾಳವಾಗಿಯೇ ಹಚ್ಚುತ್ತೇನೆ.