ಆರನೇ ತರಗತಿಯ ಸಾಲು

ಮುಖ್ಯ ಗುರುಗಳ ಕೋಣೆಯ ಗೋಡೆಗಿದ್ದ, ಮಕ್ಕಳ ಸಂಖ್ಯೆ ಬರೆಯುವ ಕರಿಹಲಗೆ ಈ ಶಾಲೆಯಲ್ಲಿ ಓದಿದ ಯಾರಿಗೂ ಮರೆತಿರಲಿಕ್ಕಿಲ್ಲ. ತರಗತಿ, ಗಂಡು, ಹೆಣ್ಣು, ಪ.ಜಾ., ಪ.ಪಂ., ಇತರೆ, ಒಟ್ಟು ಎಂದು ಬಿಳಿ ಬಣ್ಣದಲ್ಲಿ ಬರೆದ ಮನೆಗಳು. ಅಂಕಿಗಳು ಮಾತ್ರ ಸೀಮೆಸುಣ್ಣದವು. ಆರನೇ ತರಗತಿಯ ಸಾಲನ್ನು ಜೂನ್‌ನಿಂದ ಆಗಸ್ಟ್‌ವರೆಗೆ ಎಷ್ಟು ಸಲ ಒರೆಸಿ ಬರೆಯುತ್ತಿದ್ದರೆಂದರೆ, ಅಲ್ಲಿ ಬೂದುಬಣ್ಣದ ಕಲೆಯೇ ನಿಂತುಬಿಟ್ಟಿತ್ತು.

ಯಾದಗಿರಿ ಸೀಮೆಯ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಇದು ಸಾಮಾನ್ಯ. ಸುತ್ತಲಿನ ತಾಂಡಾ, ದೊಡ್ಡಿಗಳಂಥ ಸಣ್ಣ ಊರುಗಳ ಕಿರಿಯ ಪ್ರಾಥಮಿಕ ಶಾಲೆಗಳು ಐದಕ್ಕೆ ಮುಗಿಯುತ್ತವೆ, ಆ ಮಕ್ಕಳು ಆರಕ್ಕೆ ಇಲ್ಲಿಗೆ ಬರುತ್ತಾರೆ. ಅದೇ ಹೊತ್ತಿಗೆ ಪ್ರವೇಶ ಪರೀಕ್ಷೆ ಗೆದ್ದವರು ಟಿ.ಸಿ. ತೆಗೆದುಕೊಂಡು ನವೋದಯಕ್ಕೋ ಮೊರಾರ್ಜಿ ದೇಸಾಯಿ ವಸತಿ ಶಾಲೆಗೋ ಆದರ್ಶ ವಿದ್ಯಾಲಯಕ್ಕೋ ಹೊರಡುತ್ತಾರೆ. ಅಲ್ಲೆಲ್ಲ ಪ್ರವೇಶ ಕೊಡುವುದೂ ಆರಕ್ಕೇ. ಹಾಗಾಗಿ ಐದರ ಫಲಿತಾಂಶವನ್ನೂ ಆರರ ಫಲಿತಾಂಶವನ್ನೂ ಪಕ್ಕಪಕ್ಕ ಇಟ್ಟು ‘ಶಾಲೆ ಇಳಿದಿದೆ’ ಎನ್ನುವುದು ತಪ್ಪು ಲೆಕ್ಕ.

40 ಮಕ್ಕಳ ತರಗತಿ ಎಂದುಕೊಳ್ಳಿ. ಐವರ ಸರಾಸರಿ 88, ಉಳಿದ 35 ಮಕ್ಕಳದು 48. ಇಡೀ ತರಗತಿಯ ಸರಾಸರಿ 53, ಅಂದರೆ ಬಿ+ ಶ್ರೇಣಿ. ಆ ಐವರು ಹೋದರೆ ಸರಾಸರಿ 48ಕ್ಕೆ ಬರುತ್ತದೆ, ಶ್ರೇಣಿ ಬಿ ಆಗುತ್ತದೆ. ಉಳಿದ ಒಂದು ಮಗುವೂ ಕಲಿತದ್ದನ್ನು ಮರೆತಿಲ್ಲ. ಇದನ್ನು ಶಿಕ್ಷಕರ ತಲೆಗೆ ಕಟ್ಟುವುದು ಅನ್ಯಾಯ. ಆರಕ್ಕೆ ಬಂದವರನ್ನು ಅಳೆಯಬೇಕಾದದ್ದು ಜೂನ್‌ನ ಸೇತುಬಂಧ ಪರೀಕ್ಷೆಯಿಂದ, ಅಂದರೆ ಹಿಂದಿನ ತರಗತಿಯದ್ದು ಎಷ್ಟು ಬರುತ್ತದೆ ಎಂದು ನೋಡುವ ಪರೀಕ್ಷೆಯಿಂದ. ಅದರ ಹಾಳೆಗಳನ್ನು ಎತ್ತಿಟ್ಟು, ಮಾರ್ಚ್‌ನಲ್ಲಿ ಅದೇ ಮಕ್ಕಳ ಉತ್ತರಪತ್ರಿಕೆಗಳ ಜೊತೆ ಹೋಲಿಸಿದರೆ ನಿಜ ತಿಳಿಯುತ್ತದೆ.

ದಾಖಲಾತಿ ಪುಸ್ತಕದಲ್ಲಿ ಮಾತೃಭಾಷೆ ಎಂಬ ಕಲಮೊಂದಿದೆ. ಮನೆಯಲ್ಲಿ ಲಂಬಾಣಿ ಮಾತಾಡುವ ಮಗುವಿನ ಮುಂದೆಯೂ ಅವಸರದಲ್ಲಿ ‘ಕನ್ನಡ’ ಎಂದು ಬರೆದರೆ ಗಣಿತದ ಅಂಕ ಯಾಕೆ ಬೀಳುತ್ತಿದೆ ಎಂಬುದು ಮುಚ್ಚಿಹೋಗುತ್ತದೆ. 96ನ್ನು 12ರಿಂದ ಭಾಗಿಸು ಎಂದರೆ ಆ ಮಗು ಥಟ್ಟನೆ ಮಾಡುತ್ತದೆ. ‘96 ಪೆನ್ಸಿಲ್‌ಗಳನ್ನು 12 ಜನರಿಗೆ ಸಮನಾಗಿ ಹಂಚಿದರೆ ತಲಾ ಎಷ್ಟು?’ ಎಂದು ಬರೆದರೆ ‘ತಲಾ’ ಎಂಬಲ್ಲಿ ನಿಂತುಬಿಡುತ್ತದೆ. ಅದಕ್ಕೆ ಬೇಕಿರುವುದು ಮಗ್ಗಿಯ ಅಭ್ಯಾಸವಲ್ಲ, ಇಂಥ ಹತ್ತಿಪ್ಪತ್ತು ಪದಗಳ ಅರ್ಥ.

ದೀಪಾವಳಿ ಮುಗಿದ ಮೇಲೆ ಹತ್ತಿ ಬಿಡಿಸುವ ಕಾಲ. ಆರು, ಏಳರ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಹೊಲಕ್ಕೆ ಹೋಗುತ್ತಾರೆ, ಇಲ್ಲವೆ ತಮ್ಮ ತಂಗಿಯರನ್ನು ನೋಡಿಕೊಂಡು ಮನೆಯಲ್ಲೇ ಉಳಿಯುತ್ತಾರೆ. ಮೂರನೇ ರೂಪಣಾತ್ಮಕ ಮೌಲ್ಯಮಾಪನ (ವರ್ಷದ ನಡುನಡುವೆ ಕಲಿಕೆ ಅಳೆಯುವಂಥದ್ದು) ಬರುವುದೂ ಅದೇ ದಿನಗಳಲ್ಲಿ. ವರ್ಷದ ನೂರಕ್ಕೆ ಅದರ ಪಾಲು 15. ಉಳಿದೆಲ್ಲದರಲ್ಲಿ ಶೇ. 70 ತೆಗೆದ ಹುಡುಗಿ ಅದೊಂದನ್ನು ತಪ್ಪಿಸಿಕೊಂಡರೆ 59.5ಕ್ಕೆ ಇಳಿಯುತ್ತಾಳೆ, ಎ ಹೋಗಿ ಬಿ+ ಆಗುತ್ತದೆ. ಕೊನೆಗೆ ಯಾವುದೋ ಚಟುವಟಿಕೆ ಬರೆಸಿ ಅಂಕ ತುಂಬಿದರೆ ಕಾಗದ ಚೆನ್ನಾಗಿ ಕಾಣುತ್ತದೆ, ತಪ್ಪಿದ ಪಾಠ ತಪ್ಪಿದಂತೆಯೇ ಇರುತ್ತದೆ.

ಆ ದಿನಗಳಲ್ಲಿ ಎಷ್ಟು ಮಕ್ಕಳು ಬಂದಿದ್ದರೆಂದು ತಿಳಿಯಲು ಹಾಜರಿ ಪುಸ್ತಕಕ್ಕಿಂತ ಬಿಸಿಯೂಟದ ರಿಜಿಸ್ಟರ್ ಮೇಲು. ಒಂದರಿಂದ ಐದರವರೆಗೆ ಮಗುವಿಗೆ 100 ಗ್ರಾಂ ಅಕ್ಕಿ, ಆರರ ಮೇಲೆ 150 ಗ್ರಾಂ. ಆರನೇ ತರಗತಿಯ 40 ಮಕ್ಕಳಿಗೆ 6 ಕಿಲೋ ಆಗಬೇಕು. ಅಡುಗೆಯವರು 4 ಕಿಲೋ 200 ಗ್ರಾಂ ಅಳೆದಿದ್ದರೆ ಅಂದು ಉಂಡವರು 28 ಮಂದಿ. ಉಳಿದ ಹನ್ನೆರಡು ಹೆಸರುಗಳನ್ನು ಅಂದೇ ಬರೆದಿಟ್ಟುಕೊಂಡು, ಹತ್ತಿ ಮುಗಿದು ಮಕ್ಕಳು ಮರಳಿದಾಗ ತಪ್ಪಿದ ಪಾಠಗಳನ್ನು ಬೆಳಗಿನ ಪ್ರಾರ್ಥನೆಗೆ ಮುಂಚೆ ಮುಕ್ಕಾಲು ಗಂಟೆ ಹೇಳಿಕೊಟ್ಟು, ಆಮೇಲೆ ಆ ಮೌಲ್ಯಮಾಪನ ಮಾಡಬೇಕು.