ಅಪ್ಪನ ಕೋವಿಯ ಎರಡು ಇಂಚು

ಹೋದ ಮಳೆಗಾಲದಲ್ಲಿ ಕೋವಿ ನನ್ನ ಕೈಜಾರಿ ಕಲ್ಲಿನ ಮೆಟ್ಟಿಲ ಮೇಲೆ ಬಿತ್ತು. ಜೋಡಿ ನಳಿಗೆಯ 12 ಬೋರ್ ತೋಟಾಕೋವಿ. ತೋಟಾ ಹಾಕಿರಲಿಲ್ಲ, ಪುಣ್ಯ. ಎಡ ನಳಿಗೆಯ ಬಾಯಿ ಹತ್ತಿರ ಮಾತ್ರ ಹೆಬ್ಬೆರಳಿನ ಉಗುರಿನಷ್ಟು ಅಗಲಕ್ಕೆ ತಗ್ಗಾಯಿತು.

ಊಟಕ್ಕೆ ಬಂದಿದ್ದ ಭಾವ ನೋಡಿ, "ಹ್ಯಾಕ್ಸಾ ತಗೊಂಡು ಎರಡು ಇಂಚು ಕೊಯ್ದು ಬಿಸಾಕು ಮಾರಾಯ. ಅಡಿಕೆ ಮರದ ಸಂದಿಯಲ್ಲಿ ತಿರುಗೋಕೂ ಸಲೀಸು. 20 ಇಂಚಿಗಿಂತ ಗಿಡ್ಡ ಇರಬಾರದು, ಅಷ್ಟೇ ರೂಲ್ಸ್" ಅಂದರು.

ಟೇಪ್ ಹಿಡಿದೆ. ತೋಟಾ ಕೂರುವ ಹಿಂಬದಿಯಿಂದ ಬಾಯಿಯ ತನಕ ಸರಿಯಾಗಿ 30 ಇಂಚು. ಭಾವನ ಲೆಕ್ಕದಲ್ಲಿ ಇನ್ನೂ ಬೇಕಾದಷ್ಟು ಉಳೀತದೆ, ಅಲ್ವಾ?

ಆ 20 ಇಂಚು ಸುಳ್ಳಲ್ಲ. 1959ರ ಆಯುಧ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿದೆ. ಆದರೆ ಅದು ಎಂಥ ಕೋವಿಗೆ ಲೈಸೆನ್ಸ್ ಕೊಡಬೇಕು ಅನ್ನೋದಕ್ಕೆ ಹೇಳಿದ ಅಳತೆ. ಕೊಯ್ಯುವ ಮಾತು 6ನೇ ಸೆಕ್ಷನ್ನಿನಲ್ಲಿದೆ, ಅಲ್ಲಿ ಇಂಚಿನ ಲೆಕ್ಕವೇ ಇಲ್ಲ. ಅದಕ್ಕೇ ಅಂತ ಬೇರೆ ಲೈಸೆನ್ಸ್ ಇಲ್ಲದೆ ನಳಿಗೆ ಗಿಡ್ಡ ಮಾಡುವ ಹಾಗಿಲ್ಲ. 30 ಇದ್ದದ್ದು 28 ಆದರೂ ತಪ್ಪು ತಪ್ಪೇ. 2019ರ ತಿದ್ದುಪಡಿ ಆದ ಮೇಲೆ ಇದಕ್ಕೆ ಕನಿಷ್ಠ 7 ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು. ಒಂದು ಹ್ಯಾಕ್ಸಾ ಬ್ಲೇಡಿಗೆ!

"ಕೊಡಗಿನವರಿಗೆ ಇದೆಲ್ಲ ಇಲ್ಲ" ಅಂತ ಭಾವ ಬಿಡಲಿಲ್ಲ. ಕೊಡವರಿಗೂ ಜಮ್ಮಾ (ಅಲ್ಲಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ 2029ರ ತನಕ ವಿನಾಯಿತಿ ಇರೋದು ನಿಜ. ಅದು ಲೈಸೆನ್ಸ್ ಕೇಳುವ 3 ಮತ್ತು 4ನೇ ಸೆಕ್ಷನ್ನಿಂದ. ಕೊಯ್ಯೋಕಲ್ಲ.

ಅಷ್ಟು ಹೊತ್ತು ಸುಮ್ನೆ ಕವಳ ಹಾಕುತ್ತಿದ್ದ ಅಪ್ಪ ಬಾಯಿಬಿಟ್ಟರು. "ಕೊಯ್ದರೆ ಚೋಕ್ ಹೋಗ್ತದೆ."

ನಳಿಗೆ ಬಾಯಿ ಹತ್ತಿರ ಕೂದಲೆಳೆಯಷ್ಟು ಕಿರಿದಾಗುತ್ತದೆ. ಅದೇ ಚೋಕ್. ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳು, ಒತ್ತಾಗಿ ಹೋಗೋದು ಅದರಿಂದ. ನಮ್ಮ ಕೋವಿಯಲ್ಲಿ ಎಡ ನಳಿಗೆಗೆ ಚೋಕ್ ಜಾಸ್ತಿ. ತುದಿಯ ಎರಡು ಇಂಚು ಹೋದರೆ ಅದೂ ಹೋಯಿತು, ಚರೆ ಬೇಗ ಚೆದುರುತ್ತದೆ. ಕಾನೂನು ಓದದ ಅಪ್ಪನಿಗೆ ಇದು ಬೆರಳಲ್ಲೇ ಗೊತ್ತು.

ಕೋವಿ ನನ್ನ ಹೆಸರಿಗೆ ಬಂದದ್ದೇ ಅವರಿಗೆ 70 ತುಂಬಿದ ಮೇಲೆ. 2016ರ ನಿಯಮದಲ್ಲಿ 70 ತುಂಬಿದವರು, ಇಲ್ಲವೇ 25 ವರ್ಷ ಕೋವಿ ಇಟ್ಟುಕೊಂಡವರು, ವಾರಸುದಾರರಲ್ಲಿ ಒಬ್ಬರ ಹೆಸರು ಕೊಡಬಹುದು. ಅಕ್ಕ ತಂಗಿಯರ ಸಹಿ, ತರಬೇತಿ ಸರ್ಟಿಫಿಕೇಟು, ಕಚೇರಿಗೆ ಅಲೆದಾಟ. ಅಷ್ಟೆಲ್ಲ ಮಾಡಿ, ತೋಟಕ್ಕೆ ಬರುವ ಹಂದಿಯನ್ನು ಹೆದರಿಸಲು ಒಂದು ಸದ್ದು. ಹೊಡೆಯೋಕೆ ಈ ಲೈಸೆನ್ಸ್ ಸಾಲದು, ಅದಕ್ಕೆ ವನ್ಯಜೀವಿ ಕಾಯ್ದೆ ಬೇರೆ ಇದೆ.

ಕೊನೆಗೆ ಲೈಸೆನ್ಸ್ ಇರುವ ಅಂಗಡಿಗೆ ಒಯ್ದೆ. ಅಲ್ಲಿನ ಅಜ್ಜ ನಳಿಗೆಯೊಳಗೆ ಹಿತ್ತಾಳೆಯ ಬಿರಡೆ ತೂರಿಸಿ, ಹೊರಗಿನಿಂದ ಸಣ್ಣ ಸುತ್ತಿಗೆಯಲ್ಲಿ ಟಕಟಕ ತಟ್ಟಿದರು. ಆಮೇಲೆ ಬೆಳಕಿಗೆ ಹಿಡಿದು ನನಗೂ ನೋಡಲು ಕೊಟ್ಟರು. ತಗ್ಗು ಕಾಣಲಿಲ್ಲ.

ಮನೆಗೆ ಬಂದು ಮತ್ತೆ ಟೇಪ್ ಹಿಡಿದೆ. 30. ಭಾವ ಈಗ ಹಿಂದಿನ ಮರದ ಹಿಡಿ ಉದ್ದವಾಯಿತು ಅಂತ ಶುರು ಮಾಡಿದ್ದಾರೆ.